ಬೇಡ ಎನ್ನುವ ಬಲ: ಅಮೆರಿಕದ ಪ್ರಗತಿಪರ ಬಣವೂ ನಮ್ಮ ಬಿ ಫಾರಂ ರಾಜಕಾರಣವೂ

ಮಗನೋ ಮಗಳೋ ಅಮೆರಿಕದಲ್ಲಿರುವ ಮನೆ ಕೊಡಗಿನಲ್ಲಿ ಈಗ ಅಪರೂಪವೇನಲ್ಲ. ವಾಷಿಂಗ್ಟನ್ನಿನ ಗಲಾಟೆ ಬೆಳಿಗ್ಗೆ ಪೇಪರ್ ಬರುವ ಮೊದಲೇ ವಿರಾಜಪೇಟೆಯ ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಬಂದಿರುತ್ತದೆ. 2025ರ ನವೆಂಬರ್‌ನಲ್ಲಿ ಜೊಹ್ರಾನ್ ಮಮ್ದಾನಿ ನ್ಯೂಯಾರ್ಕಿನ ಮೇಯರ್ ಆಗಿ ಗೆದ್ದ ಮೇಲಂತೂ ಡೆಮಾಕ್ರಟಿಕ್ ಪಕ್ಷದೊಳಗಿನ 'ಪ್ರೊಗ್ರೆಸಿವ್'ಗಳ ಮಾತು ನಮ್ಮ ಕಡೆಯೂ ಜೋರಾಗಿದೆ. ಆ ಚರ್ಚೆಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ. ಇವರೂ ಅದೇ ಪಕ್ಷದವರಲ್ಲವೇ? ತಮ್ಮದೇ ಅಧ್ಯಕ್ಷ, ತಮ್ಮದೇ ಸರ್ಕಾರ ತಂದ ಮಸೂದೆಗೆ ಅಡ್ಡ ನಿಂತರೆ ಪಕ್ಷ ಇವರನ್ನು ಕಿತ್ತು ಹಾಕುವುದಿಲ್ಲವೇ?

ಕಿತ್ತು ಹಾಕಲು ಬರುವುದಿಲ್ಲ ಎಂಬುದೇ ಉತ್ತರ. ಏಕೆ ಬರುವುದಿಲ್ಲ ಎಂಬುದು ತಿಳಿದರೆ ಅಮೆರಿಕದ ಸಂಸತ್ತಿನ ಅರ್ಧ ಲೆಕ್ಕ ತಿಳಿದ ಹಾಗೆ. ನಮ್ಮ ವಿಧಾನಸೌಧದಲ್ಲಿ ಭಿನ್ನಮತ ಸದನದ ಒಳಗೆ ಕಾಣದೆ ರೆಸಾರ್ಟಿನಲ್ಲಿ ಕಾಣುವುದು ಏಕೆ ಎಂಬುದಕ್ಕೂ ಅಲ್ಲೇ ಒಂದು ಸುಳಿವಿದೆ.

ಮೊದಲು ಆ ಬಣದ ಕಥೆ. ಹೆಸರು ಕಾಂಗ್ರೆಷನಲ್ ಪ್ರೊಗ್ರೆಸಿವ್ ಕಾಕಸ್. ಹುಟ್ಟಿದ್ದು 1991ರಲ್ಲಿ. ಹುಟ್ಟುಹಾಕಿದವರಲ್ಲಿ ಮುಖ್ಯರು ಬರ್ನಿ ಸ್ಯಾಂಡರ್ಸ್. ತಮಾಷೆಯೆಂದರೆ ಅವರು ಡೆಮಾಕ್ರಟಿಕ್ ಪಕ್ಷದವರೇ ಅಲ್ಲ, ಪುಟ್ಟ ವರ್ಮಾಂಟ್ ರಾಜ್ಯದಿಂದ ಪಕ್ಷೇತರರಾಗಿ ಗೆದ್ದು ಬಂದವರು. ಜೊತೆಗಿದ್ದವರು ಐದು ಮಂದಿ. 435 ಸದಸ್ಯರ ಕೆಳಮನೆಯಲ್ಲಿ ಆರು ಜನರನ್ನು ಯಾರು ಕೇಳುತ್ತಾರೆ? ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ, ಕನಿಷ್ಠ ಕೂಲಿ ಏರಿಕೆ, ಶ್ರೀಮಂತರ ಮೇಲೆ ಹೆಚ್ಚಿನ ತೆರಿಗೆ, ಮಿಲಿಟರಿ ವೆಚ್ಚಕ್ಕೆ ಕತ್ತರಿ: ಬೇಡಿಕೆಗಳ ಪಟ್ಟಿ ಅಂದಿಗೂ ಇಂದಿಗೂ ಅಷ್ಟೇನೂ ಬದಲಾಗಿಲ್ಲ. ಬದಲಾದದ್ದು ತಲೆ ಎಣಿಕೆ. 2021ರ ಹೊತ್ತಿಗೆ ಬಣದಲ್ಲಿ ಸುಮಾರು 95 ಮಂದಿಯಿದ್ದರು.

ಈ ಏರಿಕೆಯಲ್ಲಿ 2018 ಒಂದು ತಿರುವು. ಆ ವರ್ಷದ ಜೂನ್‌ನಲ್ಲಿ ನ್ಯೂಯಾರ್ಕಿನ ಒಂದು ಕ್ಷೇತ್ರದಲ್ಲಿ 28 ವರ್ಷದ ಅಲೆಕ್ಸಾಂಡ್ರಿಯಾ ಒಕಾಸಿಯೊ ಕಾರ್ಟೆಜ್ ಎಂಬ ಯುವತಿ, ಕೆಳಮನೆಯ ಡೆಮಾಕ್ರಟರಲ್ಲಿ ನಾಲ್ಕನೇ ಸ್ಥಾನದಲ್ಲಿದ್ದ ಜೋ ಕ್ರಾಲಿ ಅವರನ್ನು ಸೋಲಿಸಿದರು. ಸೋಲಿಸಿದ್ದು ಎದುರಾಳಿ ಪಕ್ಷದ ಟಿಕೆಟ್‌ನಿಂದ ಅಲ್ಲ, ಪಕ್ಷದ ಒಳಗಿನ ಪ್ರೈಮರಿ ಚುನಾವಣೆಯಲ್ಲಿ. ಇಲ್ಲಿ ಒಂದು ನಿಮಿಷ ನಿಲ್ಲಬೇಕು, ಏಕೆಂದರೆ ಇಡೀ ವಿಷಯದ ಬೇರು ಇಲ್ಲಿದೆ.

ನಮ್ಮಲ್ಲಿ ಟಿಕೆಟ್ ಎಂದರೆ ಬಿ ಫಾರಂ. ಅದು ಬೆಂಗಳೂರು, ದೆಹಲಿಗಳಿಂದ ಬರಬೇಕು. ನಾಮಪತ್ರ ಸಲ್ಲಿಸುವ ಕೊನೆಯ ದಿನದವರೆಗೂ ಆಕಾಂಕ್ಷಿಗಳು ಹೈಕಮಾಂಡ್ ಬಾಗಿಲು ಕಾಯುವುದನ್ನು ಪ್ರತಿ ಚುನಾವಣೆಯಲ್ಲೂ ನೋಡುತ್ತೇವೆ. ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿ ಯಾರೆಂದು ಆಯಾ ಕ್ಷೇತ್ರದ ಮತದಾರರೇ ಮೊದಲ ಸುತ್ತಿನಲ್ಲಿ ಆರಿಸುತ್ತಾರೆ. ಪಕ್ಷದ ಅಧ್ಯಕ್ಷರು, ದೇಶದ ಅಧ್ಯಕ್ಷರು ಸೇರಿ ಬೇಡವೆಂದರೂ ಕ್ಷೇತ್ರದವರು ಬೇಕು ಎಂದರೆ ಟಿಕೆಟ್ ಅವರದ್ದೇ. ಟಿಕೆಟ್ ಕೊಡದವರಿಗೆ ಟಿಕೆಟ್ ಕಿತ್ತುಕೊಳ್ಳುವ ಅಧಿಕಾರವೂ ಇರುವುದಿಲ್ಲ. ಪಕ್ಷದ ವಿಪ್ ಅಲ್ಲೂ ಇದ್ದಾರೆ. ಆದರೆ ಅವರ ಕೆಲಸ ಮನವೊಲಿಸುವುದು, ಎಷ್ಟು ಮತ ಬೀಳಬಹುದೆಂದು ಎಣಿಸುವುದು. ವಿಪ್ ಮೀರಿದವರ ಸದಸ್ಯತ್ವ ಹೋಗುವುದಿಲ್ಲ. ಪಕ್ಷಾಂತರ ನಿಷೇಧ ಕಾಯ್ದೆಯೇ ಅಲ್ಲಿಲ್ಲ. ಬೇಕಿದ್ದರೆ ನಾಯಕರು ಒಳ್ಳೆಯ ಸಮಿತಿಯಲ್ಲಿ ಜಾಗ ಕೊಡದೆ ಸತಾಯಿಸಬಹುದು, ಅಷ್ಟೇ.

2021: ತೊಂಬತ್ತೈದು ಮಂದಿ ಪಟ್ಟು ಹಿಡಿದಾಗ

ಬಣ ದೊಡ್ಡದಾದ ಮಾತ್ರಕ್ಕೆ ಬಲ ಬರುವುದಿಲ್ಲ. ನಮ್ಮ ಸಣ್ಣ ಬೆಳೆಗಾರರಿಗೆ ಇದು ಹೊಸ ಮಾತೇನಲ್ಲ. ಒಬ್ಬೊಬ್ಬರೇ ಚೀಲ ಹೊತ್ತು ಹೋದರೆ ವ್ಯಾಪಾರಿ ಹೇಳಿದ್ದೇ ಕಾಫಿಯ ದರ, ಊರವರೆಲ್ಲ ಮಾಲು ತಡೆದು ಕೂತರೆ ಮಾತುಕತೆ ಬೇರೆ. ಪ್ರಗತಿಪರ ಬಣ ಬಹುಕಾಲ ಚೀಲ ಹೊತ್ತವರ ಗುಂಪಾಗಿಯೇ ಇತ್ತು. ಹೆಸರಿಗೆ ಸದಸ್ಯರು, ಮತ ಹಾಕುವಾಗ ಅವರವರ ದಾರಿ. ಕೆಲವರು ಮಧ್ಯಮ ಮಾರ್ಗಿಗಳ ನ್ಯೂ ಡೆಮಾಕ್ರಟ್ ಒಕ್ಕೂಟದಲ್ಲೂ ಸದಸ್ಯರು! ಎರಡೂ ಕಡೆ ಹೆಸರಿದ್ದರೆ ಚುನಾವಣೆಯಲ್ಲಿ ಎರಡೂ ಕಡೆಯವರಿಗೆ ತೋರಿಸಿಕೊಳ್ಳಬಹುದಲ್ಲ.

ಇದನ್ನು ಸರಿಪಡಿಸಲು 2020ರ ಕೊನೆಯಲ್ಲಿ ನಿಯಮ ಬಿಗಿ ಮಾಡಿದರು. ಇಬ್ಬರು ಸಹ ಅಧ್ಯಕ್ಷರ ಬದಲು ಒಬ್ಬರೇ ಅಧ್ಯಕ್ಷರು. ಬಣದ ಮೂರನೇ ಎರಡರಷ್ಟು ಮಂದಿ ಒಪ್ಪಿದ ನಿಲುವಿನ ಪರ ಉಳಿದವರೂ ಸಾಮಾನ್ಯವಾಗಿ ಮತ ಹಾಕಬೇಕು. ಸಭೆಗೇ ಬಾರದವರಿಗೆ ಬಣದಲ್ಲಿ ಜಾಗವಿಲ್ಲ. ಆ ಏಕೈಕ ಅಧ್ಯಕ್ಷರ ಕುರ್ಚಿಗೆ ಬಂದವರು ಪ್ರಮೀಳಾ ಜಯಪಾಲ್. ಹುಟ್ಟಿದ್ದು ಚೆನ್ನೈನಲ್ಲಿ, ಗೆದ್ದು ಬಂದದ್ದು ಸಿಯಾಟಲ್‌ನಿಂದ.

ಕಾಲವೂ ಕೂಡಿ ಬಂತು. 2020ರ ಚುನಾವಣೆಯಲ್ಲಿ ಬೈಡನ್ ಗೆದ್ದರೂ ಕೆಳಮನೆಯಲ್ಲಿ ಡೆಮಾಕ್ರಟರ ಬಹುಮತ ಸೊರಗಿತು. 2021ರ ಸೆಪ್ಟೆಂಬರ್ ಹೊತ್ತಿಗೆ ಲೆಕ್ಕ ಹೀಗಿತ್ತು: ರಿಪಬ್ಲಿಕನ್ನರೆಲ್ಲ ಒಂದಾಗಿ ವಿರೋಧಿಸಿದರೆ, ತಮ್ಮವರಲ್ಲಿ ಮೂವರಿಗಿಂತ ಹೆಚ್ಚು ಜನ ಕೈಕೊಟ್ಟರೆ ಮಸೂದೆ ಬಿತ್ತು. ಮೂರು ಮತದ ಅಂಚಿನಲ್ಲಿ ನಿಂತ ನಾಯಕರ ಎದುರು 95 ಜನರ ಬಣ.

ಆಗ ಎರಡು ಮಸೂದೆಗಳಿದ್ದವು. ಒಂದು ರಸ್ತೆ, ಸೇತುವೆ, ಕುಡಿಯುವ ನೀರು, ಬ್ರಾಡ್‌ಬ್ಯಾಂಡ್‌ಗೆ ಹಣ ಕೊಡುವ ಮೂಲಸೌಕರ್ಯ ಮಸೂದೆ, ಒಟ್ಟು ಸುಮಾರು 1.2 ಲಕ್ಷ ಕೋಟಿ ಡಾಲರ್‌ನದ್ದು. ಮೇಲ್ಮನೆಯಾದ ಸೆನೆಟ್‌ನಲ್ಲಿ ಆಗಸ್ಟ್ 10ರಂದು 69–30 ಮತಗಳಿಂದ, ಅಂದರೆ ಎರಡೂ ಪಕ್ಷದವರ ಬೆಂಬಲದಿಂದ ಅಂಗೀಕಾರವಾಗಿತ್ತು. ಇನ್ನೊಂದು, ಮಕ್ಕಳ ಪಾಲನೆ, ಆರೋಗ್ಯ, ಹವಾಮಾನ ಬದಲಾವಣೆ ಇವಕ್ಕೆಲ್ಲ ಹಣ ಹರಿಸುವ 'ಬಿಲ್ಡ್ ಬ್ಯಾಕ್ ಬೆಟರ್'. 3.5 ಲಕ್ಷ ಕೋಟಿ ಡಾಲರ್‌ನ ಲೆಕ್ಕದಲ್ಲಿ ಶುರುವಾಗಿತ್ತು. ಮಧ್ಯಮ ಮಾರ್ಗಿಗಳಿಗೆ ಮೊದಲನೆಯದು ಬೇಕು, ಎರಡನೆಯದರ ಮೇಲೆ ಮನಸ್ಸಿಲ್ಲ. ಪ್ರಗತಿಪರರಿಗೆ ಎರಡನೆಯದೇ ಪ್ರಾಣ. ಮೊದಲನೆಯದು ಪಾಸಾಗಿಬಿಟ್ಟರೆ ಎರಡನೆಯದನ್ನು ಇವರು ಮರೆತೇ ಬಿಡುತ್ತಾರೆ ಎಂದು ಜಯಪಾಲ್ ಬಳಗ ಶಂಕಿಸಿತು. ಎರಡೂ ಜೊತೆಗೆ ಹೊರಡಲಿ, ಇಲ್ಲದಿದ್ದರೆ ಮೊದಲನೆಯದಕ್ಕೂ ನಮ್ಮ ಮತವಿಲ್ಲ ಎಂದು ಪಟ್ಟು ಹಿಡಿಯಿತು.

ಸ್ಪೀಕರ್ ನ್ಯಾನ್ಸಿ ಪೆಲೋಸಿ ಸೆಪ್ಟೆಂಬರ್ 30ಕ್ಕೆ ಮತದಾನ ನಿಗದಿ ಮಾಡಿದ್ದರು. ಮತ ಸಾಲದೆ ಅದು ನಡೆಯಲಿಲ್ಲ. ಮರುದಿನ ಬೈಡನ್ ತಾವೇ ಸಂಸತ್ ಭವನಕ್ಕೆ ಬಂದರು. ಎಲ್ಲರೂ ಕಾದಿದ್ದು ಅಧ್ಯಕ್ಷರು ಬಣದ ಕಿವಿ ಹಿಂಡುತ್ತಾರೆ ಎಂದು. ಅವರು ಹೊರಬಂದು ಹೇಳಿದ್ದು, ಆರು ನಿಮಿಷವಾಗಲಿ, ಆರು ದಿನವಾಗಲಿ, ಆರು ವಾರವಾಗಲಿ, ಮಾಡಿಯೇ ತೀರುತ್ತೇವೆ ಎಂದು. ಅಂದರೆ ಕಾಯೋಣ ಎಂದು. ಪ್ರಗತಿಪರ ಬಣದ ಮೂವತ್ತು ವರ್ಷಗಳ ಇತಿಹಾಸದಲ್ಲಿ ಇಂಥ ದಿನ ಬಂದಿರಲಿಲ್ಲ. ಆರು ಜನರಿಂದ ಶುರುವಾದ ಗುಂಪು ಅಧ್ಯಕ್ಷರ ವೇಳಾಪಟ್ಟಿಯನ್ನೇ ಬದಲಿಸಿತ್ತು.

ನವೆಂಬರ್ 5ರ ಶುಕ್ರವಾರ ಇಡೀ ದಿನ ಹಗ್ಗಜಗ್ಗಾಟ. ಜಯಪಾಲ್ ಬಣದವರು ಒಂದು ಕೋಣೆಯಲ್ಲಿ ಗಂಟೆಗಟ್ಟಲೆ ಕೂತರು, ಅಧ್ಯಕ್ಷರ ಫೋನ್ ಬಂತು. ಕೊನೆಗೆ ಐವರು ಮಧ್ಯಮ ಮಾರ್ಗಿಗಳು, ಖರ್ಚಿನ ಅಧಿಕೃತ ಅಂದಾಜು ಸರಿಹೊಂದಿದರೆ ಎರಡನೇ ಮಸೂದೆಗೂ ಮತ ಹಾಕುತ್ತೇವೆಂದು ಲಿಖಿತ ಹೇಳಿಕೆ ಕೊಟ್ಟರು. ಬಣ ಪಟ್ಟು ಸಡಿಲಿಸಿತು. ರಾತ್ರಿ ಹನ್ನೊಂದು ದಾಟಿದ ಮೇಲೆ ಮೂಲಸೌಕರ್ಯ ಮಸೂದೆ 228–206ರಿಂದ ಗೆದ್ದಿತು. ಒಕಾಸಿಯೊ ಕಾರ್ಟೆಜ್ ಸೇರಿದಂತೆ ಆರು ಡೆಮಾಕ್ರಟರು ಆಗಲೂ ಬೇಡ ಎಂದೇ ಮತ ಹಾಕಿದರು. ಆದರೆ 13 ರಿಪಬ್ಲಿಕನ್ನರು ಬೇಕು ಎಂದಿದ್ದರಿಂದ ಆ ಆರು ಮತಗಳಿಂದ ಏನೂ ಕೆಡಲಿಲ್ಲ.

ಮುಂದಿನದು ಸಿಹಿಕಹಿ. ಐವರೂ ಮಾತು ಉಳಿಸಿಕೊಂಡರು, ಎರಡನೇ ಮಸೂದೆ ನವೆಂಬರ್ 19ರಂದು 220–213ರಿಂದ ಕೆಳಮನೆ ದಾಟಿತು. ಅಷ್ಟರೊಳಗೆ ಅದು ಮೊದಲಿನ ಅರ್ಧದಷ್ಟಕ್ಕೆ ಇಳಿದಿತ್ತು. ಸೆನೆಟ್‌ನಲ್ಲಿ ಎರಡೂ ಕಡೆಯ ಬಲ 50–50. ಅಲ್ಲಿ ಪಶ್ಚಿಮ ವರ್ಜೀನಿಯಾದ ಜೋ ಮ್ಯಾಂಚಿನ್ ಎಂಬ ಒಬ್ಬ ಡೆಮಾಕ್ರಟ್ ಡಿಸೆಂಬರ್ 19ರಂದು ಟಿವಿಯಲ್ಲಿ ಕೂತು ನನ್ನ ಮತವಿಲ್ಲ ಎಂದರು. ಮುಗಿಯಿತು. 95 ಮಂದಿಯ 'ಬೇಡ' ಐದು ವಾರ ಕೆಲಸ ಮಾಡಿತು, ಒಬ್ಬರ 'ಬೇಡ' ಒಂದೇ ಬೆಳಿಗ್ಗೆ ಎಲ್ಲವನ್ನೂ ನಿಲ್ಲಿಸಿತು. ಪಟ್ಟು ಬೇಗ ಸಡಿಲಿಸಿದ್ದೇ ತಪ್ಪು ಎಂದು ಎಡಪಂಥೀಯರಲ್ಲಿ ಹಲವರು ಇಂದಿಗೂ ಜಯಪಾಲ್ ಅವರನ್ನು ದೂರುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ರಸ್ತೆ ಮಸೂದೆಯನ್ನು ಇನ್ನೂ ಆರು ತಿಂಗಳು ಒತ್ತೆ ಇಟ್ಟುಕೊಂಡಿದ್ದರೂ ಮ್ಯಾಂಚಿನ್ ಬಗ್ಗುತ್ತಿರಲಿಲ್ಲ. ಬೆದರಿಕೆಗೆ ಬೆಲೆ ಬರುವುದು ಎದುರಿನವರಿಗೆ ಕಳೆದುಕೊಳ್ಳುವುದೇನಾದರೂ ಇದ್ದಾಗ. ಕಲ್ಲಿದ್ದಲಿನ ರಾಜ್ಯದಿಂದ, ಅದೂ ಟ್ರಂಪ್ ಭಾರೀ ಅಂತರದಿಂದ ಗೆಲ್ಲುವ ರಾಜ್ಯದಿಂದ ಬಂದ ಸೆನೆಟರ್‌ಗೆ ಹವಾಮಾನ ಮಸೂದೆ ಬಿದ್ದರೆ ಏನು ನಷ್ಟ?

ಆದರೂ ಎಲ್ಲ ವ್ಯರ್ಥವಾಯಿತೆನ್ನಲಾಗದು. ಎಂಟು ತಿಂಗಳ ನಂತರ ಅದೇ ಮಸೂದೆಯ ತುಣುಕುಗಳು ಬೇರೆ ಹೆಸರಿನಲ್ಲಿ ಎದ್ದು ಬಂದವು. 2022ರ ಆಗಸ್ಟ್ 16ರಂದು ಸಹಿ ಬಿದ್ದ 'ಇನ್‌ಫ್ಲೇಶನ್ ರಿಡಕ್ಷನ್ ಆ್ಯಕ್ಟ್' ಅದು. ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್‌ನಲ್ಲಿ ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರ್‌ನ ಮಿತಿ, ಔಷಧ ಕಂಪನಿಗಳ ಜೊತೆ ಸರ್ಕಾರವೇ ದರ ಚೌಕಾಸಿ ಮಾಡುವ ಅಧಿಕಾರ, ಸೌರ ಮತ್ತು ಗಾಳಿ ವಿದ್ಯುತ್ತಿಗೆ ದೊಡ್ಡ ರಿಯಾಯಿತಿ. ದರ ಚೌಕಾಸಿಯ ಬೇಡಿಕೆ ಪ್ರಗತಿಪರರು ವರ್ಷಗಟ್ಟಲೆ ಹೇಳಿಕೊಂಡು ಬಂದದ್ದು.

ನಮ್ಮಲ್ಲಿ ಇದು ಏಕೆ ನಡೆಯುವುದಿಲ್ಲ

ಈಗ ನಮ್ಮ ಕಡೆಗೆ ಬರೋಣ. ಕರ್ನಾಟಕದ ಒಂದು ಆಡಳಿತ ಪಕ್ಷದ ಹತ್ತು ಹದಿನೈದು ಶಾಸಕರು ಸೇರಿ, ಇಂಥ ಮಸೂದೆ ತರದಿದ್ದರೆ ನಿಮ್ಮ ಬಜೆಟ್‌ಗೆ ಮತ ಹಾಕುವುದಿಲ್ಲ ಎಂದರೆ ಏನಾಗುತ್ತದೆ? ಉತ್ತರವನ್ನು ಊಹಿಸಬೇಕಿಲ್ಲ, ಹತ್ತಿರದ ಉದಾಹರಣೆಯೇ ಇದೆ. ಅದರ ನಡುವೆ ಕೂತಿದ್ದವರು ವಿರಾಜಪೇಟೆಯ ಶಾಸಕರು.

2010ರ ಅಕ್ಟೋಬರ್ 6ರಂದು ಬಿಜೆಪಿಯ 11 ಶಾಸಕರು ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ಅವರಿಗೆ ಪತ್ರ ಕೊಟ್ಟು ಯಡಿಯೂರಪ್ಪ ಸರ್ಕಾರಕ್ಕೆ ಬೆಂಬಲ ಹಿಂತೆಗೆದರು. ಪಕ್ಷ ಬಿಡುತ್ತೇವೆಂದು ಅವರು ಬರೆದಿರಲಿಲ್ಲ, ಮುಖ್ಯಮಂತ್ರಿಯ ಮೇಲೆ ವಿಶ್ವಾಸವಿಲ್ಲ ಎಂದಿದ್ದರು. ಐವರು ಪಕ್ಷೇತರರೂ ಜೊತೆಗಿದ್ದರು. ಅದೇ ದಿನ ಮುಖ್ಯಮಂತ್ರಿ ಇವರ ಅನರ್ಹತೆಗೆ ಸ್ಪೀಕರ್‌ಗೆ ಅರ್ಜಿ ಕೊಟ್ಟರು. ಸ್ಪೀಕರ್ ಆಗಿದ್ದವರು ವಿರಾಜಪೇಟೆಯ ಶಾಸಕ ಕೆ.ಜಿ. ಬೋಪಯ್ಯ. ಮರುದಿನ ನೋಟಿಸ್ ಹೊರಟಿತು, ಅಕ್ಟೋಬರ್ 10ರ ಸಂಜೆ ಐದರೊಳಗೆ ಉತ್ತರ ಕೊಡಿ ಎಂದು. ವಿಶ್ವಾಸಮತ ಇದ್ದದ್ದು 11ಕ್ಕೆ. ಸದನ ಸೇರುವ ಮೊದಲೇ 16 ಮಂದಿಯೂ ಅನರ್ಹರಾಗಿದ್ದರು. ಗದ್ದಲ, ನೂಕುನುಗ್ಗಲಿನ ನಡುವೆ ಧ್ವನಿಮತದಲ್ಲಿ ಸರ್ಕಾರ ಉಳಿಯಿತು. ರಾಜ್ಯಪಾಲರು ಒಪ್ಪದೆ ಇನ್ನೊಮ್ಮೆ ಸಾಬೀತುಪಡಿಸಿ ಎಂದಾಗ, 14ರಂದು 106–100ರಿಂದ ಮತ್ತೆ ಉಳಿಯಿತು.

2011ರ ಮೇ 13ರಂದು ಸುಪ್ರೀಂ ಕೋರ್ಟ್ ಆ 11 ಮಂದಿಯ ಅನರ್ಹತೆಯನ್ನು ರದ್ದು ಮಾಡಿತು. ಮುಖ್ಯಮಂತ್ರಿಯ ಮೇಲೆ ವಿಶ್ವಾಸವಿಲ್ಲ ಎನ್ನುವುದೂ ಪಕ್ಷದ ಸದಸ್ಯತ್ವ ತೊರೆಯುವುದೂ ಒಂದೇ ಅಲ್ಲ, ಉತ್ತರಿಸಲು ನಿಯಮದಂತೆ ಏಳು ದಿನವನ್ನೂ ಕೊಟ್ಟಿಲ್ಲ ಎಂಬುದು ತೀರ್ಪಿನ ಸಾರ. ಕಾನೂನಿನಲ್ಲಿ ಅವರು ಗೆದ್ದರು. ಆದರೆ ಅಷ್ಟರಲ್ಲಿ ಏಳು ತಿಂಗಳು ಕಳೆದಿತ್ತು. ಅವರ 'ಬೇಡ'ಕ್ಕೆ ಬೆಲೆ ಇದ್ದ ಆ ಒಂದು ದಿನ ಅವರು ಸದನದಲ್ಲಿ ಇರಲೇ ಇಲ್ಲ. (ಅಂದಹಾಗೆ, ಆ 11 ಮಂದಿಯ ಬೇಡಿಕೆ ಪ್ರಗತಿಪರ ಕಾನೂನೇನೂ ಆಗಿರಲಿಲ್ಲ. ಇಲ್ಲಿ ಮುಖ್ಯವಾದದ್ದು ಸಾಧನ, ಸಿದ್ಧಾಂತವಲ್ಲ.)

ಇದಕ್ಕೆಲ್ಲ ಮೂಲ ಸಂವಿಧಾನದ ಹತ್ತನೇ ಅನುಸೂಚಿ. 1985ರ 52ನೇ ತಿದ್ದುಪಡಿಯಿಂದ ಬಂದದ್ದು. ಬೆಳಿಗ್ಗೆ ಒಂದು ಪಕ್ಷ, ಸಂಜೆ ಇನ್ನೊಂದು ಪಕ್ಷ ಎಂಬ 'ಆಯಾರಾಂ ಗಯಾರಾಂ' ಕಾಲಕ್ಕೆ ಅದು ಮದ್ದು. ಪಕ್ಷದ ವಿಪ್‌ಗೆ ವಿರುದ್ಧ ಮತ ಹಾಕಿದರೆ, ಇಲ್ಲವೇ ಗೈರಾದರೆ, ಸದಸ್ಯತ್ವವೇ ಹೋಗಬಹುದು. ಮೊದಲು ಮೂರನೇ ಒಂದರಷ್ಟು ಶಾಸಕರು ಒಟ್ಟಿಗೆ ಸಿಡಿದರೆ ಅದನ್ನು ಪಕ್ಷದ ಒಡಕೆಂದು ಒಪ್ಪುತ್ತಿದ್ದರು. 2003ರ 91ನೇ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಈಗ ಉಳಿದಿರುವುದು ಮೂರನೇ ಎರಡರಷ್ಟು ಮಂದಿ ಇನ್ನೊಂದು ಪಕ್ಷದಲ್ಲಿ ವಿಲೀನವಾಗುವ ದಾರಿ ಮಾತ್ರ. ಅಮೆರಿಕದ ಬಣಕ್ಕೂ ಮೂರನೇ ಎರಡರ ಲೆಕ್ಕವೇ ಎಂಬುದು ವಿಚಿತ್ರ: ಅಲ್ಲಿ ಒಟ್ಟಿಗೆ ಇರಲು, ಇಲ್ಲಿ ಒಟ್ಟಿಗೆ ಹೋಗಲು.

ಕಾಯ್ದೆ ಕುದುರೆ ವ್ಯಾಪಾರವನ್ನು ನಿಲ್ಲಿಸಿತೇ? 2019ರಲ್ಲಿ ಮೈತ್ರಿ ಸರ್ಕಾರ ಉರುಳಿ, 17 ಶಾಸಕರು ಅನರ್ಹರಾಗಿ, ಅವರಲ್ಲಿ ಹೆಚ್ಚಿನವರು ಉಪಚುನಾವಣೆಯಲ್ಲಿ ಗೆದ್ದು ಬಂದದ್ದನ್ನು ನೋಡಿದವರು ಹೌದೆನ್ನಲಾರರು. ನಿಂತದ್ದು ಇನ್ನೊಂದು: ಪಕ್ಷದಲ್ಲೇ ಇದ್ದುಕೊಂಡು, ಕುರ್ಚಿ ಕೇಳದೆ, ಒಂದು ನೀತಿಗಾಗಿ ಸದನದಲ್ಲಿ ಬೇಡ ಎನ್ನುವುದು. ಹಾಗೆ ಅನ್ನಬೇಕೆಂದರೆ ಒಬ್ಬಂಟಿಯಾಗಿ ಕೂಗಬೇಕು. ಕೊಡಗಿನವರೇ ಆದ ಎ.ಕೆ. ಸುಬ್ಬಯ್ಯ ಹಾಗೆ ಕೂಗಿದವರು. ರಾಜ್ಯ ಬಿಜೆಪಿಯ ಮೊದಲ ಅಧ್ಯಕ್ಷರಾಗಿದ್ದು, ಅದರಿಂದ ಹೊರಬಿದ್ದು, ಮುಂದೆ ಅದರ ಕಟು ಟೀಕಾಕಾರರಾಗಿ ಪ್ರಗತಿಪರರ ಸಾಲಿನಲ್ಲಿ ನಿಂತರು. ದನಿಗೆ ಕೊರತೆಯಿರಲಿಲ್ಲ, ಹಿಂದೆ ಬಣವಿರಲಿಲ್ಲ. ಅವರ ಮಗ ಎ.ಎಸ್. ಪೊನ್ನಣ್ಣ 2023ರಲ್ಲಿ ವಿರಾಜಪೇಟೆಯಲ್ಲಿ ಸೋಲಿಸಿದ್ದು ಬೋಪಯ್ಯ ಅವರನ್ನೇ.

ಒಂಬತ್ತು ಮಂದಿಯ ತಕ್ಕಡಿ

ಬಣದ ಗಾತ್ರಕ್ಕೂ ಬಲಕ್ಕೂ ನೇರ ಸಂಬಂಧವಿಲ್ಲ ಎನ್ನಲು ಕೊಡಗಿನ ಸ್ವಂತ ವಿಧಾನಸಭೆಯೂ ಸಾಕ್ಷಿ. ಹೊಸ ತಲೆಮಾರಿಗೆ ಇದು ಅಷ್ಟಾಗಿ ಗೊತ್ತಿಲ್ಲ. 1956ರವರೆಗೆ ಕೊಡಗು 'ಸಿ' ದರ್ಜೆಯ ರಾಜ್ಯ, ಅಂದರೆ ಕೇಂದ್ರದ ಹತೋಟಿಯಲ್ಲಿದ್ದ ಪುಟ್ಟ ರಾಜ್ಯ. 1952ರಿಂದ ಅದಕ್ಕೆ ತನ್ನದೇ ವಿಧಾನಸಭೆಯಿತ್ತು. 18 ಕ್ಷೇತ್ರಗಳಿಂದ 24 ಶಾಸಕರು. 1951ರ ಜನಗಣತಿಯಲ್ಲಿ ಇಲ್ಲಿದ್ದವರು 2,29,405 ಮಂದಿ, ಅಂದರೆ ಸುಮಾರು 9,500 ಜನರಿಗೆ ಒಬ್ಬ ಶಾಸಕ. ಈಗ ಐದೂವರೆ ಲಕ್ಷ ಜನರಿಗೆ ಇಬ್ಬರು, ಅದೂ 224 ಜನರ ಸಭೆಯಲ್ಲಿ.

ಆ 24ರಲ್ಲಿ ಕಾಂಗ್ರೆಸ್ 15 ಗೆದ್ದು ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ಉಳಿದ ಒಂಬತ್ತು ಸ್ಥಾನ ಪಕ್ಷೇತರರದ್ದು. ಆ ಕಡೆಯ ಮುಂದಾಳು ಗಾಂಧಿವಾದಿ ಪಂದ್ಯಂಡ ಬೆಳ್ಯಪ್ಪ, ಗುಂಪಿಗೆ ತಕ್ಕಡಿ ಪಕ್ಷ ಎಂದೇ ಹೆಸರು. ಕೊಡಗು ಪ್ರತ್ಯೇಕವಾಗಿಯೇ ಉಳಿಯಬೇಕು ಎಂಬುದು ಅವರ ವಾದ. ಒಂಬತ್ತು ಎಂದರೆ ಸದನದ ಮೂರನೇ ಒಂದಕ್ಕಿಂತ ಹೆಚ್ಚು. ಜಯಪಾಲ್ ಅವರ 95 ಮಂದಿ ತಮ್ಮ ಸದನದ ಕಾಲುಭಾಗವೂ ಇರಲಿಲ್ಲ. ಆದರೂ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವಿಲೀನಕ್ಕೆ ಶಿಫಾರಸು ಮಾಡಿತು, 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು, ಒಂಬತ್ತು ಮಂದಿಗೆ ತಡೆಯಲಾಗಲಿಲ್ಲ. ತೀರ್ಮಾನ ದೆಹಲಿಯದ್ದಾಗಿತ್ತು ಎಂಬುದು ನಿಜ. ಆದರೆ ಮಡಿಕೇರಿಯ ಸದನದೊಳಗಿನ ಲೆಕ್ಕವೂ ಅವರ ವಿರುದ್ಧವೇ ಇತ್ತು. ಅವರು ವಿರೋಧ ಪಕ್ಷದ ಸಾಲಿನಲ್ಲಿದ್ದರು. ಆಳುವವರ ಹದಿನೈದರಲ್ಲಿ ಅವರ ಮತ ಒಂದೂ ಇರಲಿಲ್ಲ. ಅವರು ಬೇಡ ಎಂದರೂ ಪೂಣಚ್ಚನವರ ಸರ್ಕಾರಕ್ಕೆ ಒಂದು ಮತವೂ ಕಡಿಮೆಯಾಗುತ್ತಿರಲಿಲ್ಲ. ಅದೇ ಹದಿನೈದರೊಳಗಿನ ಮೂವರು ವಿಲೀನ ಬೇಡ ಎಂದು ಕೂತಿದ್ದರೆ ಸದನದಲ್ಲಿ 12–12.

ಹೊರಗಿನ ಬಣ ಭಾಷಣ ಮಾಡಬಹುದು, ಒಳಗಿನ ಬಣ ಚೌಕಾಸಿ ಮಾಡಬಹುದು. ಅಮೆರಿಕದ ಪ್ರಗತಿಪರರು ಬೇರೆ ಪಕ್ಷ ಕಟ್ಟದೆ ಡೆಮಾಕ್ರಟಿಕ್ ಪಕ್ಷದೊಳಗೇ ಉಳಿದಿರುವುದಕ್ಕೆ ಇದೇ ಕಾರಣ. ಈ ವಿದ್ಯೆ ಅವರೊಬ್ಬರದ್ದೇ ಅಲ್ಲ. ಬಲಪಂಥದಲ್ಲಿ 2015ರಲ್ಲಿ ಹುಟ್ಟಿದ ಫ್ರೀಡಂ ಕಾಕಸ್ ಇನ್ನೂ ಚಿಕ್ಕದು, ಇನ್ನೂ ಒರಟು. 2023ರ ಜನವರಿಯಲ್ಲಿ ಅದರ ಕಡೆಯ ಕೆಲವರು ಮೊಂಡು ಹಿಡಿದು ಕೆವಿನ್ ಮೆಕಾರ್ಥಿ ಸ್ಪೀಕರ್ ಆಗಲು 15 ಸುತ್ತು ಮತದಾನ ನಡೆಯುವಂತೆ ಮಾಡಿದರು. ಅಕ್ಟೋಬರ್ 3ರಂದು ಎಂಟೇ ರಿಪಬ್ಲಿಕನ್ನರು ಡೆಮಾಕ್ರಟರ ಜೊತೆ ಮತ ಹಾಕಿ 216–210ರಿಂದ ಅವರನ್ನು ಕುರ್ಚಿಯಿಂದ ಇಳಿಸಿದರು. ಪ್ರಗತಿಪರರು ಅಷ್ಟು ದೂರ ಹೋಗುವುದಿಲ್ಲ. ಸರ್ಕಾರದಿಂದ ಏನಾದರೂ ಕೆಲಸ ಮಾಡಿಸಬೇಕೆನ್ನುವವರಿಗೆ ಸರ್ಕಾರವನ್ನೇ ನಿಲ್ಲಿಸುತ್ತೇವೆ ಎನ್ನುವುದು ಕಷ್ಟ. ಸರ್ಕಾರ ಚಿಕ್ಕದಾಗಲಿ ಎನ್ನುವವರಿಗೆ ಆ ಸಂಕಟವಿಲ್ಲ.

ಹಾಗಾದರೆ ಈ ಬಣದ ಪ್ರಭಾವ ನಿಜಕ್ಕೂ ಬೆಳೆಯುತ್ತಿದೆಯೇ? ಅಜೆಂಡಾದಲ್ಲಿ ಬೆಳೆದಿದೆ, ಮತದಲ್ಲಿ ಏರಿಳಿತವಿದೆ. 2024ರ ಪ್ರೈಮರಿಗಳಲ್ಲಿ ಬಣದ ಸದಸ್ಯರಾಗಿದ್ದ ಜಮಾಲ್ ಬೌಮನ್, ಕೋರಿ ಬುಷ್ ಇಬ್ಬರೂ ಸೋತರು. ಅವರ ವಿರುದ್ಧ ಇಸ್ರೇಲ್ ಪರ ಗುಂಪುಗಳು ಹಣದ ಹೊಳೆ ಹರಿಸಿದ್ದವು. ಹೈಕಮಾಂಡ್ ಇಲ್ಲದ ಕಡೆ ಹಣವಿರುವವರೇ ಹೈಕಮಾಂಡ್ ಆಗುವ ಅಪಾಯ ಇದ್ದೇ ಇದೆ. 2025ರ ಜನವರಿಯಿಂದ ಬಣದ ಅಧ್ಯಕ್ಷತೆ ಟೆಕ್ಸಾಸ್‌ನ ಯುವ ಸದಸ್ಯ ಗ್ರೆಗ್ ಕಸಾರ್ ಕೈಗೆ ಬಂತು. ಅವರ ಪಕ್ಷಕ್ಕೆ ಆಗ ಎರಡೂ ಮನೆಗಳಲ್ಲಿ ಬಹುಮತವಿರಲಿಲ್ಲ. ಅಂದರೆ ಬಣ ನಮ್ಮ ತಕ್ಕಡಿಯವರ ಸ್ಥಿತಿಗೆ ಬಂತು: ಸಂಖ್ಯೆ ನೂರರ ಹತ್ತಿರ, ಚೌಕಾಸಿಗೆ ಕೂರಲು ಎದುರಿಗೆ ಯಾರೂ ಇಲ್ಲ.

2026ರ ನವೆಂಬರ್‌ನಲ್ಲಿ ಕೆಳಮನೆಯ ಎಲ್ಲ 435 ಸ್ಥಾನಗಳಿಗೂ ಚುನಾವಣೆ. ಅಲ್ಲಿ ನೋಡಬೇಕಾದದ್ದು ಡೆಮಾಕ್ರಟರು ಗೆದ್ದರೇ ಎನ್ನುವುದಷ್ಟನ್ನೇ ಅಲ್ಲ, ಎಷ್ಟರಲ್ಲಿ ಗೆದ್ದರು ಎನ್ನುವುದನ್ನೂ. ನಲವತ್ತು ಸ್ಥಾನ ಹೆಚ್ಚಿಗೆ ಬಂದರೆ ನಾಯಕರು ಪ್ರಗತಿಪರರಲ್ಲಿ ಹತ್ತು ಹದಿನೈದು ಮಂದಿಯನ್ನು ಬಿಟ್ಟೂ ಮಸೂದೆ ಪಾಸು ಮಾಡಬಹುದು. ನಾಲ್ಕೈದು ಸ್ಥಾನದ ಗೆಲುವಾದರೆ ಈ ಬಣವನ್ನು ಕೇಳದೆ ಒಂದು ಕಾಗದವೂ ಮುಂದೆ ಹೋಗದು. ಆಗಲೂ ಟ್ರಂಪ್ ವೀಟೊ ಇದ್ದೇ ಇರುತ್ತದೆ, ಹೊಸ ಕಾನೂನು ಮಾಡುವುದು ಕನಸು. ಆದರೆ ಸರ್ಕಾರ ನಡೆಯಲು ಬೇಕೇ ಬೇಕಾದ ಖರ್ಚಿನ ಮಸೂದೆಗಳಿರುತ್ತವಲ್ಲ, ಅವುಗಳ ಮೇಲಿನ ಹಗ್ಗಜಗ್ಗಾಟದಲ್ಲಿ ಈ ನೂರು ಮಂದಿ ಎಷ್ಟು ಹೊತ್ತು ಒಟ್ಟಿಗೆ ಕೂರುತ್ತಾರೆ ಎಂಬುದು ಆಗ ಗೊತ್ತಾಗುತ್ತದೆ.